ಕೇಳದೆ ಕಸಿದ ಗಮನ

ಶಿವಮೊಗ್ಗದ ಸವಳಂಗ ರಸ್ತೆ ಓದುವವರ ರಸ್ತೆ. 1980ರಲ್ಲಿ ಶುರುವಾದ ಜೆಎನ್‌ಎನ್ ಎಂಜಿನಿಯರಿಂಗ್ ಕಾಲೇಜು ಇದೇ ರಸ್ತೆಯ ನವುಲೆಯಲ್ಲಿದೆ. ಊರು ಬಿಟ್ಟು ಸವಳಂಗ, ಶಿಕಾರಿಪುರ ದಾಟಿ ಮುಂದೆ ಹೋದರೆ ಶಿರಾಳಕೊಪ್ಪದ ಪಕ್ಕದಲ್ಲಿ ಬಳ್ಳಿಗಾವಿ ಸಿಗುತ್ತದೆ. ಅದು ಅಲ್ಲಮಪ್ರಭುವಿನ ಊರು. ಅಲ್ಲಿನ ಶೈವರ ಕೋಡಿಯಮಠದ 1162ರ ಶಾಸನ ಮಠದಲ್ಲಿ ಏನೇನು ಓದಿಸುತ್ತಿದ್ದರೆಂದು ಹೇಳುವಾಗ ವ್ಯಾಕರಣ, ನ್ಯಾಯ, ಸಾಂಖ್ಯಗಳ ಸಾಲಿನಲ್ಲೇ ಬೌದ್ಧ ದರ್ಶನವನ್ನೂ ಹೆಸರಿಸುತ್ತದೆ. ಅನ್ನ ಆಶ್ರಯ ಪಡೆಯುತ್ತಿದ್ದವರಲ್ಲಿ ಜೈನ ಕ್ಷಪಣಕರನ್ನೂ ಎಣಿಸುತ್ತದೆ. ಲ್ಯಾಪ್‌ಟಾಪ್ ಬೆನ್ನಿಗೇರಿಸಿ ನಡೆಯುವ ಹುಡುಗರು ಒಂದು ಕಡೆ, ಎದುರು ಪಕ್ಷದ ಮತವನ್ನೂ ಕೂತು ಓದಿದ ಊರು ಇನ್ನೊಂದು ಕಡೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಕೇಳಬೇಕಾದ ಪ್ರಶ್ನೆಯೊಂದಿದೆ. ನಮ್ಮ ಕಂಪ್ಯೂಟರಿನೊಳಗೆ ಬೇಡದ ಜಾಹೀರಾತು ಬಂದು ಕೂತರೆ ತಪ್ಪು ಯಾರದು? ನುಗ್ಗಿದವನದೋ, ಬಾಗಿಲು ತೆರೆದವನದೋ? ಇದು ರಿಪೇರಿ ಅಂಗಡಿಯ ಮಾತು ಎಂದು ತಳ್ಳಿಹಾಕುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಇದು ಕಳವಿನ ಪ್ರಶ್ನೆ, ಅದಕ್ಕೆ ಅಂಟಿಕೊಂಡೇ ಆಸೆಯ ಪ್ರಶ್ನೆ. ಎರಡನ್ನೂ ಬಿಡಿಸಿ ನೋಡದೆ ಯಂತ್ರವನ್ನು ಎಷ್ಟು ಸಲ ತೊಳೆದರೂ ಅದು ಮತ್ತೆ ಕೊಳೆಯಾಗುತ್ತದೆ.

ಈ ಕೊಳೆ ಬರುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಬ್ಬರಿಗೆ ಪಿಡಿಎಫ್ ಕಡತವನ್ನು ವರ್ಡ್‌ಗೆ ಬದಲಿಸುವ ಸಣ್ಣ ತಂತ್ರಾಂಶ ಬೇಕಾಗಿದೆ ಎನ್ನಿ. ಹುಡುಕಿ ತೆರೆದ ಪುಟದಲ್ಲಿ ಹಸಿರು ಬಣ್ಣದ ದೊಡ್ಡ ಡೌನ್‌ಲೋಡ್ ಗುಂಡಿಗಳು ಒಂದಕ್ಕಿಂತ ಹೆಚ್ಚಿವೆ. ನಿಜವಾದದ್ದು ಕೆಳಗೆಲ್ಲೋ ಸಣ್ಣಕ್ಷರದ ಸಾಲು. ಇನ್‌ಸ್ಟಾಲ್ ಶುರುವಾದಾಗ ‘ಎಕ್ಸ್‌ಪ್ರೆಸ್’ ಎಂಬ ಆಯ್ಕೆ ಮೊದಲೇ ಗುರುತಾಗಿರುತ್ತದೆ, ‘ಕಸ್ಟಮ್’ ಎಂಬುದು ಬೂದು ಬಣ್ಣದಲ್ಲಿ ಮಂಕಾಗಿರುತ್ತದೆ. ಆ ಮಂಕು ಅಕ್ಷರದ ಹಿಂದೆ, ಯಾರೂ ಹಾಕದ ಟಿಕ್ ಗುರುತುಗಳು ಕಾದಿರುತ್ತವೆ: ಹೋಮ್‌ಪೇಜ್ ಬದಲಿಸು, ಹುಡುಕಾಟದ ಪಟ್ಟಿ ಸೇರಿಸು, ರಿಯಾಯಿತಿ ಕೂಪನ್ ತೋರಿಸುವ ಸಹಾಯಕನನ್ನು ಇಳಿಸು. ನೆಕ್ಸ್ಟ್, ನೆಕ್ಸ್ಟ್, ಫಿನಿಶ್. ಮಾರನೆಯ ದಿನ ಬ್ರೌಸರ್ ತೆರೆದರೆ ಬೇರೆಯದೇ ಮುಖಪುಟ, ಪತ್ರಿಕೆಯ ಪುಟದಲ್ಲಿ ಪತ್ರಿಕೆಯವರೇ ಹಾಕದ ಜಾಹೀರಾತು. ತೆಗೆದು ಹಾಕಿದರೆ ಮತ್ತೆ ಹಾಜರು, ಏಕೆಂದರೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಒಂದು ಸಾಲು ಉಳಿದಿರುತ್ತದೆ, ಅಥವಾ ಡೆಸ್ಕ್‌ಟಾಪಿನ ಶಾರ್ಟ್‌ಕಟ್‌ನ ವಿಳಾಸದ ಬಾಲಕ್ಕೆ ಯಾವುದೋ ಜಾಲತಾಣದ ಹೆಸರು ಅಂಟಿರುತ್ತದೆ. ಈಚಿನ ದಾರಿ ಇನ್ನೂ ಸುಲಭದ್ದು. ನೀವು ರೋಬಾಟ್ ಅಲ್ಲವೆಂದು ತೋರಿಸಲು ‘ಅಲೋ’ ಒತ್ತಿ ಎನ್ನುತ್ತದೆ ಪುಟ. ಒತ್ತಿದವರು ಕೊಟ್ಟದ್ದು ನೋಟಿಫಿಕೇಶನ್ ಕಳಿಸುವ ಅಪ್ಪಣೆ. ಆಮೇಲೆ ಪರದೆಯ ಬಲ ಮೂಲೆಯಲ್ಲಿ ಹೊತ್ತುಗೊತ್ತಿಲ್ಲದೆ ವೈರಸ್ ಬಂದಿದೆ, ಲಾಟರಿ ಬಂದಿದೆ ಎಂಬ ಕೂಗು.

ಇದನ್ನು ಕಿರಿಕಿರಿ ಎನ್ನುವುದು ಸಾಲದು. ಉಮಾಸ್ವಾಮಿಗಳ ಜೈನ ಗ್ರಂಥ ತತ್ತ್ವಾರ್ಥಸೂತ್ರ ಕಳವನ್ನು ಗುರುತಿಸುವುದು ಕದ್ದ ವಸ್ತುವಿನ ಬೆಲೆಯಿಂದಲ್ಲ; ಕೊಡದೇ ಇದ್ದದ್ದನ್ನು ತೆಗೆದುಕೊಂಡರೆ ಅದು ಕಳವು. ಇಲ್ಲಿ ತೆಗೆದುಕೊಂಡದ್ದೇನು? ಹಣವಲ್ಲ, ಬಹುಪಾಲು ಸಲ ಕಡತವೂ ಅಲ್ಲ, ಮನುಷ್ಯನ ಗಮನ. ಗಮನ ಯಾರ ಸ್ವತ್ತೂ ಅಲ್ಲವಲ್ಲ ಎಂದು ಕೇಳಬಹುದು. ಪುರುಷಾರ್ಥಸಿದ್ಧ್ಯುಪಾಯ ಬರೆದ ಅಮೃತಚಂದ್ರಾಚಾರ್ಯರು ಕಳವನ್ನು ಹಿಂಸೆಯಲ್ಲೇ ಸೇರಿಸುವಾಗ ಕೊಡುವ ಕಾರಣ ಇಲ್ಲಿ ನೆರವಿಗೆ ಬರುತ್ತದೆ. ಅವರ ಪ್ರಕಾರ ಸಂಪತ್ತು ಮನುಷ್ಯನ ಹೊರಗೆ ಓಡಾಡುವ ಪ್ರಾಣ, ಅದನ್ನು ಕಸಿದವನು ಪ್ರಾಣಕ್ಕೇ ಕೈಹಾಕಿದ ಹಾಗೆ. ದುಡ್ಡಿಗೇ ಈ ಮಾತು ಸಲ್ಲುವುದಾದರೆ ಗಮನಕ್ಕೆ ಇನ್ನೂ ಹೆಚ್ಚು ಸಲ್ಲಬೇಕು. ಜೀವವನ್ನು ಜಡದಿಂದ ಬೇರೆಯೆಂದು ತೋರಿಸುವ ಲಕ್ಷಣವೇ ಅದರ ಅರಿವಿನ ವ್ಯಾಪಾರ ಎನ್ನುತ್ತದೆ ಜೈನ ದರ್ಶನ. ಪರೀಕ್ಷೆಯ ಹಿಂದಿನ ರಾತ್ರಿ ಓದುತ್ತಿರುವವಳ ಕಣ್ಣನ್ನು ಪರದೆಯ ಮೂಲೆಗೆ ಎಳೆದವನು ಅವಳ ಹೊರಗಿನ ಪ್ರಾಣವನ್ನಲ್ಲ, ಒಳಗಿನದ್ದನ್ನೇ ಮುಟ್ಟಿದ್ದಾನೆ. ಗಮನ ಹಣದಂತೆ ಮತ್ತೆ ಗಳಿಸಿಕೊಳ್ಳುವ ವಸ್ತುವಲ್ಲ, ಹೋದ ಗಳಿಗೆ ಹೋಯಿತು.

ಇದಕ್ಕೆ ಮೊದಲು ಬರುವ ಆಕ್ಷೇಪ: ಗುಂಡಿ ಒತ್ತಿದ್ದು ನೀವೇ, ಒಪ್ಪಿಗೆ ಕೊಟ್ಟಮೇಲೆ ಕಳವು ಎಲ್ಲಿಂದ ಬಂತು? ಒಪ್ಪಿಗೆ ಎಂದರೇನು ಎಂಬುದಕ್ಕೆ ನಮ್ಮ ಕಾನೂನು ಹಳೆಯ ಉತ್ತರ ಇಟ್ಟುಕೊಂಡಿದೆ. 1872ರ ಕರಾರು ಕಾಯ್ದೆಯ 13ನೇ ಕಲಮಿನ ಪ್ರಕಾರ ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿರಬೇಕು. ತಾನು ರೋಬಾಟ್ ಅಲ್ಲವೆಂದು ತೋರಿಸುತ್ತಿದ್ದೇನೆ ಎಂದುಕೊಂಡವಳೂ ಅವಳ ಪರದೆಯ ಮೂಲೆಯನ್ನು ಪಡೆದುಕೊಂಡವನೂ ಒಂದೇ ವಿಷಯವನ್ನು ಒಪ್ಪಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು ಮಾಲೀಕರ ಅನುಮತಿಯಿಲ್ಲದೆ ಕಂಪ್ಯೂಟರಿಗೆ ಕೇಡಿನ ತಂತ್ರಾಂಶ ಸೇರಿಸುವುದನ್ನು ತಪ್ಪೆನ್ನುತ್ತದೆ. ವಂಚನೆಯ ಬುದ್ಧಿಯಿಂದ ಮಾಡಿದರೆ 66ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಸಜೆಗೆ ಅವಕಾಶವಿದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಇನ್ನೂ ನೇರವಾಗಿದೆ. ಪರದೆಯ ವಿನ್ಯಾಸದಿಂದಲೇ ಬಳಕೆದಾರರನ್ನು ದಾರಿ ತಪ್ಪಿಸುವ 13 ಬಗೆಗಳನ್ನು ಅದು ಪಟ್ಟಿ ಮಾಡಿದೆ. ವೇಷ ಮರೆಸಿದ ಜಾಹೀರಾತು, ಗೊಂದಲದ ಪ್ರಶ್ನೆ, ಬೆನ್ನು ಬಿಡದ ಕಾಟ, ವೈರಸ್ ಇದೆಯೆಂದು ಹೆದರಿಸಿ ಕೇಡಿನ ತಂತ್ರಾಂಶ ಹಾಕಿಸುವುದು ಎಲ್ಲವೂ ಅದರಲ್ಲಿವೆ. ಮೋಸದಿಂದ ಒತ್ತಿಸಿಕೊಂಡ ಗುಂಡಿ ದಾನವಾಗುವುದಿಲ್ಲ ಎಂಬುದನ್ನು ಸರ್ಕಾರವೂ ಒಪ್ಪಿದೆ ಎಂದಾಯಿತು. ಜಾಹೀರಾತು ಇಲ್ಲದೆ ಉಚಿತ ತಂತ್ರಾಂಶ ಬದುಕುವುದು ಹೇಗೆ ಎಂಬ ಇನ್ನೊಂದು ಮಾತಿಗೆ ಹೆಚ್ಚು ಹೊತ್ತು ಬೇಕಿಲ್ಲ. ಪತ್ರಿಕೆಯ ಪುಟದಲ್ಲಿ ಜಾಹೀರಾತು ಜಾಹೀರಾತಾಗಿಯೇ ನಿಂತಿರುತ್ತದೆ, ಓದುಗ ತಿಳಿದೇ ಕಣ್ಣು ಕೊಡುತ್ತಾನೆ. ವಿಎಲ್‌ಸಿ, ಲಿಬ್ರೆಆಫೀಸ್‌ಗಳು ಜಾಹೀರಾತೇ ಇಲ್ಲದೆ ವರ್ಷಗಳಿಂದ ನಡೆದುಬಂದಿವೆ.

ಗಟ್ಟಿಯಾದ ಆಕ್ಷೇಪ ಬರುವುದು ಬಳ್ಳಿಗಾವಿಯ ದಿಕ್ಕಿನಿಂದ. ಮಾಯೆ ವಸ್ತುವಿನಲ್ಲಿಲ್ಲ, ವಸ್ತುವನ್ನು ಕಂಡು ಚಾಚಿಕೊಳ್ಳುವ ಮನಸ್ಸಿನಲ್ಲಿದೆ ಎಂಬುದು ಅಲ್ಲಮನ ನಿಲುವು. ಆ ಕಣ್ಣಿನಿಂದ ನೋಡಿದರೆ ಆ್ಯಡ್‌ವೇರನ್ನು, ಎಂದರೆ ಈ ಜಾಹೀರಾತು ತಂತ್ರಾಂಶವನ್ನು, ಬೈಯುವುದೇ ತಪ್ಪು ಜಾಗದಲ್ಲಿ ಕೈಯಿಟ್ಟಂತೆ. ಪುಕ್ಕಟೆ ಬೇಕೆಂಬ ಹಂಬಲ ಇರದಿದ್ದರೆ ಹಸಿರು ಗುಂಡಿಗೆ ಯಾವ ಬಲವಿತ್ತು? ಈ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ಯವಿದೆ, ಅದನ್ನು ನುಂಗಿಕೊಳ್ಳಲೇಬೇಕು. ದುಬಾರಿ ತಂತ್ರಾಂಶದ ಬೀಗ ಮುರಿದ ‘ಕ್ರ್ಯಾಕ್’ ಪ್ರತಿಯನ್ನು ಇಳಿಸಿಕೊಳ್ಳುವವರನ್ನೇ ನೋಡಿ. ಆಂಟಿವೈರಸ್ ಆಫ್ ಮಾಡಿ ಎಂದು ಆ ಕಡತ ಹೇಳುತ್ತದೆ, ಅವರು ಮಾಡುತ್ತಾರೆ. ಅಚೌರ್ಯ ವ್ರತಕ್ಕೆ ಕಳಂಕ ತರುವ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರ ಎಣಿಸುವಾಗ ಕಳ್ಳನನ್ನು ಹುರಿದುಂಬಿಸುವುದರ ಮರುಕ್ಷಣವೇ ಕದ್ದು ತಂದದ್ದನ್ನು ತೆಗೆದುಕೊಳ್ಳುವುದನ್ನು ಹೇಳುತ್ತದೆ. ಕಳ್ಳ ಮಾಲು ಕೊಳ್ಳಲು ಹೋದವನು ದಾರಿಯಲ್ಲಿ ತನ್ನ ಜೇಬು ಹೋಯಿತೆಂದು ದೂರಿದರೆ ಅವನ ದೂರು ಸುಳ್ಳಲ್ಲ, ಆದರೆ ಅವನು ಬರೀ ದೂರುದಾರನಾಗಿ ಉಳಿಯುವುದಿಲ್ಲ.

ಆದರೂ ಎಲ್ಲವನ್ನೂ ಹಂಬಲದ ತಲೆಗೆ ಕಟ್ಟುವುದನ್ನು ನಾನು ಒಪ್ಪಲಾರೆ. 2014ರ ಕೊನೆಯಲ್ಲಿ ಲೆನೊವೊ ಕಂಪನಿ ಮಾರಿದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶ ಕಾರ್ಖಾನೆಯಲ್ಲೇ ಸೇರಿಹೋಗಿತ್ತು. ಬ್ಯಾಂಕಿನ ಪುಟಕ್ಕೆ ರಕ್ಷಣೆ ಕೊಡುವ ಬೀಗದ ವ್ಯವಸ್ಥೆಯೊಳಗೇ ಅದು ತನ್ನದೊಂದು ನಕಲಿ ಪ್ರಮಾಣಪತ್ರ ತೂರಿಸಿತ್ತು. ಎಲ್ಲ ಯಂತ್ರಗಳಲ್ಲೂ ಒಂದೇ ಕೀಲಿ ಇದ್ದುದರಿಂದ ಅದನ್ನು ಹೊರತೆಗೆದ ಯಾರೇ ಆಗಲಿ ಬ್ಯಾಂಕಿನ ವೇಷ ಹಾಕಬಹುದಿತ್ತು. 2015ರ ಫೆಬ್ರವರಿಯಲ್ಲಿ ಇದು ಬಯಲಾಯಿತು. 2017ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ ಕಂಪನಿ ರಾಜಿಗೆ ಬರಬೇಕಾಯಿತು. ಪೂರ್ತಿ ಬೆಲೆ ತೆತ್ತು ಹೊಸ ಯಂತ್ರ ತಂದು, ಏನನ್ನೂ ಇಳಿಸದೆ ಕೂತವರು ಯಾವ ಹಂಬಲಕ್ಕೆ ದಂಡ ತೆತ್ತರು? 2015ರ ಮೇ ತಿಂಗಳಲ್ಲಿ ಸೋರ್ಸ್‌ಫೋರ್ಜ್ ತಾಣ ಚಿತ್ರ ತಿದ್ದುವ ಜಿಂಪ್ ತಂತ್ರಾಂಶದ ವಿಂಡೋಸ್ ಪ್ರತಿಯನ್ನು, ಅದನ್ನು ಕಟ್ಟಿದವರು ಕೇಳಿಕೊಳ್ಳದೆಯೇ, ಜಾಹೀರಾತಿನ ಹೊದಿಕೆ ಸುತ್ತಿ ಹಂಚಿತೆಂಬ ದೂರೂ ಎದ್ದಿತ್ತು. ಜಿಂಪ್ ಎಲ್ಲರಿಗೂ ಮುಕ್ತವಾಗಿ ಕೊಟ್ಟದ್ದು, ಅದನ್ನು ಬಯಸುವುದರಲ್ಲಿ ಲೋಭವಿಲ್ಲ. ಅಸಲಿನೊಳಗೆ ನಕಲು ಬೆರೆಸುವ ವ್ಯಾಪಾರವನ್ನು ಆ ಐದು ಅತಿಚಾರಗಳ ಪಟ್ಟಿಯೇ ಕೊನೆಯದಾಗಿ ಹೆಸರಿಸುತ್ತದೆ. ಆಸೆ ಬಾಗಿಲಿರಬಹುದು, ಎಲ್ಲ ಕಳ್ಳರೂ ಬಾಗಿಲಿನಿಂದಲೇ ಬರುವುದಿಲ್ಲ. ಮೋಸಹೋದವರಿಗೆ ವೈರಾಗ್ಯ ಬೋಧಿಸಿ ಮೋಸಮಾಡಿದವನನ್ನು ಬಿಟ್ಟುಬಿಡುವ ಅಧ್ಯಾತ್ಮ ಅನ್ಯಾಯದ ಪಕ್ಷ ಸೇರುತ್ತದೆ. ಅಲ್ಲಮನ ಮಾತು ತನ್ನನ್ನು ತಾನು ಪರೀಕ್ಷಿಸಿಕೊಳ್ಳುವವನಿಗೆ ಹೇಳಿದ್ದು, ಇನ್ನೊಬ್ಬರ ನಷ್ಟದ ಮುಂದೆ ಓದಿ ಹೇಳಲು ಅಲ್ಲ.

ಇನ್ನು ತೆಗೆಯುವ ಕೆಲಸ. ಇದಕ್ಕೂ ಜೈನ ದರ್ಶನದ ಮಾತೇ ದಾರಿ ತೋರಿಸುತ್ತದೆ: ಜೀವದೊಳಗೆ ಕರ್ಮಕಣಗಳು ಬರುವುದು ಆಸ್ರವ, ಒಳಹರಿವನ್ನು ತಡೆಯುವುದು ಸಂವರ, ಬಂದದ್ದನ್ನು ಕಳಚುವುದು ನಿರ್ಜರೆ. ಜೈನರು ಈ ತತ್ತ್ವಗಳನ್ನು ಎಣಿಸುವ ಅನುಕ್ರಮದಲ್ಲೇ ಒಂದು ವಿವೇಕವಿದೆ: ಸಂವರ ಮೊದಲು, ನಿರ್ಜರೆ ಆಮೇಲೆ. ತೂತಾದ ದೋಣಿಯಲ್ಲಿ ಕೂತವನು ತೂತು ಮುಚ್ಚದೆ ನೀರು ಮೊಗೆದರೆ ಕೈ ಸೋಲುತ್ತದೆಯೇ ಹೊರತು ದೋಣಿ ಹಗುರಾಗುವುದಿಲ್ಲ ಎಂಬ ಅವರ ಹಳೆಯ ದೃಷ್ಟಾಂತ ಕಂಪ್ಯೂಟರಿಗೆ ಅಕ್ಷರಶಃ ಹೊಂದುತ್ತದೆ. ಜನ ಮಾಡುವುದು ಇದರ ತಲೆಕೆಳಗು. ಜಾಹೀರಾತು ಕಂಡೊಡನೆ ‘ಕ್ಲೀನರ್’ ಹುಡುಕುತ್ತಾರೆ, ಆ ಹುಡುಕಾಟದಲ್ಲೇ ಇನ್ನೊಂದು ನಕಲಿ ಕ್ಲೀನರ್ ಇಳಿಯುತ್ತದೆ. ಮೊದಲು ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಅಪ್ಪಣೆ ಪಡೆದ ತಾಣಗಳ ಪಟ್ಟಿ ತೆರೆದು ಗುರುತಿಲ್ಲದ ಹೆಸರುಗಳನ್ನು ಅಳಿಸಬೇಕು. ಆಮೇಲೆ ಎಕ್ಸ್‌ಟೆನ್ಷನ್‌ಗಳು. ಇಲ್ಲಿ ಸಿಂಕ್ ಆನ್ ಆಗಿದ್ದರೆ ಇನ್ನೊಂದು ಯಂತ್ರದಲ್ಲಿ ಉಳಿದ ಅದೇ ಎಕ್ಸ್‌ಟೆನ್ಷನ್ ವಾಪಸು ಬರುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ವಿಂಡೋಸ್ ಸೆಕ್ಯುರಿಟಿಯ ‘ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್’ ಭಾಗದಲ್ಲಿ ಅನಪೇಕ್ಷಿತ ತಂತ್ರಾಂಶಗಳನ್ನು ತಡೆಯುವ ಆಯ್ಕೆಯಿದೆ, ಅದನ್ನು ಆನ್ ಮಾಡಬೇಕು. ದಿನನಿತ್ಯದ ಕೆಲಸಕ್ಕೆ ಅಡ್ಮಿನ್ ಅಧಿಕಾರವಿಲ್ಲದ ಖಾತೆ ಇಟ್ಟುಕೊಳ್ಳಬೇಕು. ಇಷ್ಟು ಸಂವರ. ಅನಂತರ ಆ್ಯಪ್‌ಗಳ ಪಟ್ಟಿಯಿಂದ ಅನುಮಾನದವನ್ನು ಕಿತ್ತು, ಟಾಸ್ಕ್ ಶೆಡ್ಯೂಲರ್ ಮತ್ತು ಶಾರ್ಟ್‌ಕಟ್‌ಗಳನ್ನು ನೋಡಿ, ಡಿಫೆಂಡರ್‌ನಿಂದ ಪೂರ್ತಿ ಸ್ಕ್ಯಾನ್ ಮಾಡಿ, ಬೇಕಿದ್ದರೆ 2016ರಿಂದ ಮಾಲ್‌ವೇರ್‌ಬೈಟ್ಸ್ ಕಂಪನಿಯ ಬಳಿ ಇರುವ ಆ್ಯಡ್‌ಡಬ್ಲ್ಯುಕ್ಲೀನರನ್ನು ಅವರದೇ ತಾಣದಿಂದ ತಂದು ಓಡಿಸುವುದು ನಿರ್ಜರೆ. ಸಂವರದ ಸಾಧನಗಳಲ್ಲಿ ಐದು ಸಮಿತಿಗಳಿವೆ, ಅವುಗಳಲ್ಲೊಂದು ಯಾವುದೇ ವಸ್ತುವನ್ನು ನೋಡಿ ಎತ್ತುವುದು, ನೋಡಿ ಇಡುವುದು. ಹುಂಚದಲ್ಲೋ ಶ್ರವಣಬೆಳಗೊಳದಲ್ಲೋ ದಿಗಂಬರ ಮುನಿಗಳು ಕೂರುವ ಮೊದಲು ನವಿಲುಗರಿಯ ಪಿಂಛಿಯಿಂದ ನೆಲ ಸವರುವುದನ್ನು ಕಂಡವರಿಗೆ ಅದು ಎಂಥ ಎಚ್ಚರ ಎಂದು ಗೊತ್ತು. ಇನ್‌ಸ್ಟಾಲ್ ಪರದೆಯ ಮಂಕು ಅಕ್ಷರಗಳನ್ನು ಓದಲು ಬೇಕಾದದ್ದು ಅದೇ ಎಚ್ಚರದ ಸಣ್ಣ ಪಾಲು.

ಆತ್ಮಕ್ಕೆ ಹೇಳಿದ್ದನ್ನು ಯಂತ್ರಕ್ಕೆ ಹಚ್ಚಿ ತತ್ತ್ವವನ್ನು ಅಗ್ಗ ಮಾಡಿದಂತಾಗಲಿಲ್ಲವೇ ಎಂದು ಶ್ರದ್ಧಾವಂತರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕಂಪ್ಯೂಟರಿಗೆ ಜೀವವಿಲ್ಲ, ಅದಕ್ಕೆ ಬಂಧವೂ ಇಲ್ಲ, ಮೋಕ್ಷವೂ ಇಲ್ಲ. ಹಾರ್ಡ್ ಡಿಸ್ಕ್ ಅಳಿಸಿದರೆ ಯಾರ ಕರ್ಮವೂ ಸವೆಯುವುದಿಲ್ಲ. ನನ್ನ ಮಾತು ಯಂತ್ರದ ಬಗ್ಗೆ ಅಲ್ಲ, ಅದರ ಮುಂದೆ ಕೂತ ಜೀವದ ಬಗ್ಗೆ. ಕೂಪನ್ ತೋರಿಸುವ ಎಕ್ಸ್‌ಟೆನ್ಷನ್ ದಿನವೂ ಒಂದು ಬೇಡದ ಆಸೆಯನ್ನು, ವೈರಸ್ ಎಂದು ಕೂಗುವ ಪಾಪ್‌ಅಪ್ ಒಂದು ಹುಸಿ ಭಯವನ್ನು ಆ ಜೀವದಲ್ಲಿ ಬಿತ್ತುತ್ತದೆ. ರಾಗದ್ವೇಷಗಳು ಮೂಡುವ ದಾರಿಗಳನ್ನು ಕಾಯಿರಿ ಎಂದ ಆಚಾರ್ಯರಿಗೆ ಈ ದಾರಿ ಗೊತ್ತಿರಲಿಲ್ಲ ಅಷ್ಟೆ. ಹಾಗೆಂದು ಗೃಹಸ್ಥರಿಗೆ ಇಂಟರ್ನೆಟ್ ಬಿಡಿ ಎಂದೂ ಆ ಪರಂಪರೆ ಹೇಳುವುದಿಲ್ಲ. ಮುನಿಗೆ ಮಹಾವ್ರತ, ಶ್ರಾವಕನಿಗೆ ಅಣುವ್ರತ. ಇಂತಿಷ್ಟು ಕಾಲ ಇಂತಿಷ್ಟು ಎಲ್ಲೆಯಾಚೆ ಹೋಗುವುದಿಲ್ಲ ಎಂಬ ದೇಶವ್ರತ ಗೃಹಸ್ಥರಿಗಾಗಿಯೇ ಇರುವುದು. ತಂತ್ರಾಂಶವನ್ನು ತಯಾರಕರ ತಾಣದಿಂದ ಅಥವಾ ವಿಂಡೋಸಿನ ಸ್ಟೋರ್‌ನಿಂದ ಮಾತ್ರ ತರುತ್ತೇನೆ ಎಂಬ ಎಲ್ಲೆ ಅಂಥದ್ದೊಂದು ವ್ರತವಾಗಬಲ್ಲದು.

ಕೊನೆಯ ಹೊಣೆ ಯಂತ್ರವನ್ನು ಇನ್ನೊಬ್ಬರಿಗಾಗಿ ಸಿದ್ಧಮಾಡಿ ಕೊಡುವವರದು. ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು ಮೂರಕ್ಕೂ ಪಾಪದ ಪಾಲಿದೆಯೆಂದು ಜೈನ ನೀತಿ ಲೆಕ್ಕ ಇಡುತ್ತದೆ. ಮಗಳ ಓದಿಗೆಂದು ಕಂಪ್ಯೂಟರ್ ಕೊಳ್ಳುವ ತಂದೆ ಎಲ್ಲಾ ಫ್ರೀ ಹಾಕಿಕೊಡಿ ಎನ್ನುತ್ತಾರೆ, ಜೋಡಿಸಿ ಕೊಡುವ ಹುಡುಗ ಬೀಗ ಮುರಿದ ಪ್ರತಿ ಹಾಕುತ್ತಾನೆ, ನೋಡಿದವರು ಒಳ್ಳೆ ಡೀಲ್ ಎನ್ನುತ್ತಾರೆ. ಏನೂ ಬಯಸದ ಮಗಳು ಆ ಕೊಳೆಯ ಮುಂದೆ ಕೂತು ಓದುತ್ತಾಳೆ. ಅದೇ ಹುಡುಗ ಲಿಬ್ರೆಆಫೀಸ್ ಹಾಕಿ, ವಿದ್ಯಾರ್ಥಿಗಳಿಗೆ ಕಂಪನಿಗಳೇ ಉಚಿತವಾಗಿ ಕೊಡುವ ಪರವಾನಗಿ ಇದ್ದರೆ ಅದನ್ನು ತೋರಿಸಿ, ಅವಳಿಗೆ ಅಡ್ಮಿನ್ ಅಲ್ಲದ ಖಾತೆ ತೆರೆದು, ‘ಅಲೋ’ ಎಂಬ ಗುಂಡಿ ಏನು ಕೇಳುತ್ತದೆಂದು ಒಮ್ಮೆ ವಿವರಿಸಿ ಕೊಡಬಹುದು. ಅದಕ್ಕೆ ಅವನ ಅರ್ಧ ಗಂಟೆ ಹೆಚ್ಚು ಹೋಗುತ್ತದೆ. ಆ ಅರ್ಧ ಗಂಟೆಯ ಕೂಲಿಯನ್ನು ತಂದೆ ಬಿಲ್ಲಿನಲ್ಲಿ ಕಂಡು ಗೊಣಗದೆ ಕೊಡಬೇಕು.