ಸೋರುವುದು ಹೊಲಿಗೆಯಲ್ಲಿ

ಕೋಲಾರಕ್ಕೆ ಕಡಲಿಲ್ಲ. ಆದರೂ ಇಲ್ಲಿಯ ಕೆಟ್ಟ ಮಳೆ ಬರುವುದು ಕಡಲಿಂದಲೇ. ಮುಂಗಾರು ಈ ಬಯಲಿಗೆ ತಲಪುವ ಹೊತ್ತಿಗೆ ಸೊರಗಿರುತ್ತದೆ. ಕೆರೆ ತುಂಬಿಸುವ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನದು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮೂಡಗಾಳಿಯ ಜತೆ ಜಡಿ ಹಿಡಿಯುತ್ತದೆ. 2021ರ ನವೆಂಬರ್‌ನಲ್ಲಿ ಹಾಗೆ ಹಿಡಿದಾಗ ವರ್ಷಗಟ್ಟಲೆ ಬತ್ತಿದ್ದ ಕೆರೆಗಳೂ ಕೋಡಿ ಬಿದ್ದವು. ಅದಕ್ಕೂ ಮೊದಲೇ, 2018ರ ಜೂನ್‌ನಲ್ಲಿ, ಬೆಂಗಳೂರಿನ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿಯ ಸಂಸ್ಕರಿಸಿದ ಕೊಳಚೆನೀರು ಲಕ್ಷ್ಮೀಸಾಗರ ಕೆರೆಗೆ ಬಂದು ಅಲ್ಲಿಂದ ಕೆರೆಯಿಂದ ಕೆರೆಗೆ ಇಳಿಯತೊಡಗಿತ್ತು. ನೀರಿನ ಹಿಂದೆಯೇ ಮೀನುಮರಿ, ಬಲೆ, ತೆಪ್ಪ ಎಲ್ಲ ಬಂದವು. ತೆಪ್ಪದಲ್ಲಿ ಕೂರುವವನ ಮೈಗೆ ಏನು ಎಂದು ಮಾತ್ರ ಯಾರೂ ಯೋಚಿಸಿದಂತಿಲ್ಲ.

ನಸುಕಿನಲ್ಲಿ ಬಲೆ ಎತ್ತುವವರಿಗೆ ಇವತ್ತಿಗೂ ಗೊಬ್ಬರದ ಚೀಲದ ಕೊಪ್ಪೆಯೇ ಗತಿ. ಚೀಲದ ಒಂದು ಮೂಲೆಯನ್ನು ಇನ್ನೊಂದರೊಳಕ್ಕೆ ತೂರಿಸಿ ತಲೆಗೆ ಹಾಕಿಕೊಂಡರೆ ಮುಗಿಯಿತು. ಅದನ್ನು ಹಳಿಯಲು ನನಗೆ ಮನಸ್ಸಿಲ್ಲ. ಕಾಸು ಖರ್ಚಿಲ್ಲ, ಬೆನ್ನ ಮೇಲೆ ಹೊಲಿಗೆಯಿಲ್ಲ, ತೆಪ್ಪ ಮಗುಚಿದರೆ ಒಂದೇ ಕೊಡವಿಗೆ ಮೈಯಿಂದ ಕಳಚುತ್ತದೆ. ಆದರೆ ತೋಳಿಲ್ಲ. ಗಾಳಿಗೆ ಹಾರುತ್ತದೆ, ಒಂದು ಬೇಸಿಗೆಯ ಬಿಸಿಲು ತಿಂದರೆ ಎಳೆಎಳೆಯಾಗಿ ಉದುರುತ್ತದೆ.

ಇನ್ನೊಂದು ಕುರುಬರ ಮಗ್ಗದ ಕರಿಕಂಬಳಿ. ಹುಣಸೆಬೀಜದ ಗಂಜಿ ಕುಡಿಸಿ ನೇಯ್ದ ಒರಟು ಉಣ್ಣೆ. ಸೋನೆ ಬಿದ್ದರೆ ಹನಿ ಜಾರಿಹೋಗುತ್ತದೆ, ನೆನೆದರೂ ಬೆಚ್ಚಗಿರುತ್ತದೆ. ಏರಿಯ ಮೇಲೆ ಕುರಿ ಕಾಯುವವನಿಗೆ ಅದಕ್ಕಿಂತ ಒಳ್ಳೆಯದಿಲ್ಲ. ತೆಪ್ಪದಲ್ಲಿ ಕೂರುವವನು ಮಾತ್ರ ಅದನ್ನು ದಡದಲ್ಲೇ ಬಿಡಬೇಕು. ನೀರು ಕುಡಿದ ಕಂಬಳಿಯನ್ನು ಹೊದ್ದು ಈಜಿದವರಿಲ್ಲ.

ಹಾಗಾದರೆ ಪೇಟೆಯ ರೇನ್‌ಕೋಟು? ಕೋಲಾರ, ಮಾಲೂರಿನ ಅಂಗಡಿಗಳ ಮುಂದೆ ತೂಗಾಡುವುದೆಲ್ಲ ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಿಗೆ ಬೈಕಿನಲ್ಲಿ ಹೋಗುವವರಿಗೆ ಎಂದು ಹೊಲಿದದ್ದು. ಬೈಕಿನವನಿಗೆ ಮಳೆ ಎದೆಗೆ ಬಡಿಯುತ್ತದೆ, ಕೈ ಮುಂದಕ್ಕಿರುತ್ತದೆ. ತೆಪ್ಪದವನು ಕೈ ಮೇಲೆತ್ತಿ ಬಲೆ ಎಳೆಯುತ್ತಾನೆ. ಬಲೆಯ ನೀರು ಮಣಿಕಟ್ಟಿನಿಂದ ತೋಳಿನೊಳಗೆ ಇಳಿದು ಕಂಕುಳಿಗೆ ಬಂದು ನಿಲ್ಲುತ್ತದೆ. ಎಳೆತವೆಲ್ಲ ಬೀಳುವುದೂ ಕಂಕುಳ ಹೊಲಿಗೆಯ ಮೇಲೆಯೇ. ಕೋಟು ಮೊದಲು ಬಿಡುವುದು ಅಲ್ಲಿ.

ಕೊಳ್ಳುವವರು ಬಟ್ಟೆಯನ್ನು ಉಜ್ಜಿ ನೋಡುತ್ತಾರೆ, ದಪ್ಪ ಇದೆಯೇ ಎಂದು ಕೇಳುತ್ತಾರೆ. ಹೊಲಿಗೆಯನ್ನು ತಿರುಗಿಸಿ ನೋಡುವವರು ಕಡಿಮೆ. ಇದು ಹೊಸ ಕಥೆಯಲ್ಲ. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ಎರಡು ಬಟ್ಟೆಗಳ ನಡುವೆ ರಬ್ಬರ್ ಅಂಟಿಸಿ ಪೇಟೆಂಟ್ ಪಡೆದಾಗ ಬಟ್ಟೆಯೇನೋ ಸೋರಲಿಲ್ಲ, ಸೋರಿದ್ದು ದರ್ಜಿಗಳ ಸೂಜಿ ಮಾಡಿದ ತೂತುಗಳಲ್ಲಿ. ಇನ್ನೂರು ವರ್ಷ ಕಳೆದರೂ ಅಗ್ಗದ ಕೋಟಿನ ಗತಿ ಅದೇ. ಒಳಮಗ್ಗುಲು ತಿರುಗಿಸಿದರೆ ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿರಬೇಕು, ಇಲ್ಲವೇ ಬಿಸಿಯಿಂದ ಬೆಸೆದಿರಬೇಕು. ಬರಿಯ ದಾರ ಕಂಡರೆ ಅದು ಸೋರುವ ಕೋಟು. ಅಂಗಡಿಯವರು ಒಪ್ಪಿದರೆ ಕಂಕುಳ ಹೊಲಿಗೆಯನ್ನು ಬೊಗಸೆಯಂತೆ ಹಿಡಿದು ಲೋಟ ನೀರು ಸುರಿದು ನೋಡಿ. ಒಪ್ಪದಿದ್ದರೆ ಉತ್ತರ ಸಿಕ್ಕಂತೆಯೇ.

ಬೆವರನ್ನು ಹೊರಬಿಟ್ಟು ಮಳೆಯನ್ನು ತಡೆಯುವ ಪೊರೆಯ ಬಟ್ಟೆ 1970ರ ದಶಕದಿಂದ ಮಾರುಕಟ್ಟೆಯಲ್ಲಿದೆ. ಬೆಟ್ಟ ಹತ್ತುವವರಿಗೆ ಅದು ವರ. ಮೀನಿನ ಲೋಳೆ, ಕೆರೆಯ ಕೆಸರು ಮೆತ್ತಿಕೊಂಡರೆ ಅದರ ಉಸಿರು ಕಟ್ಟುತ್ತದೆ, ದುಡ್ಡು ದಂಡ. ನಮ್ಮ ಕೆರೆಗಳಿಗೆ ಬಟ್ಟೆಯ ಮೇಲೆ ಪಿವಿಸಿ ಬಳಿದ ಮೋಟು ಕೋಟು ಸಾಕು: ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಬೇಕು, ಜಿಪ್ಪಿನ ಮೇಲೆ ಮುಚ್ಚುಪಟ್ಟಿ ಇರಬೇಕು, ಒಂದು ಅಳತೆ ದೊಡ್ಡದಿರಬೇಕು. ಉದ್ದ ಕೋಟು ಕಾಲಿಗೆ ತೊಡರುತ್ತದೆ. ಗಮ್‌ಬೂಟು ಬೇಡವೇ ಬೇಡ, ನೀರಿಗೆ ಬಿದ್ದವನನ್ನು ಅದು ಈಜಗೊಡುವುದಿಲ್ಲ. ಬಣ್ಣ ಹಳದಿ ಅಥವಾ ಕಿತ್ತಳೆ. ಕೊಳೆ ಕಾಣುವುದಿಲ್ಲವೆಂದು ಕಡುನೀಲಿ ಆರಿಸುವವರೇ ಹೆಚ್ಚು. ಮಂಜು ಮುಸುಕಿದ ಕೆರೆಯಲ್ಲಿ ಕಡುನೀಲಿ ತೊಟ್ಟವನೂ ಕಾಣುವುದಿಲ್ಲ.

ತಂದ ಮೇಲಿನ ಆರೈಕೆ ಸ್ವಲ್ಪವೇ. ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ತೂಗುಹಾಕಬೇಕು. ಒದ್ದೆಯಾಗಿಯೇ ಮಡಚಿಟ್ಟರೆ ಬೂಷ್ಟು ಹಿಡಿದು ಮಡಿಕೆಯಲ್ಲೇ ಬಿರಿಯುತ್ತದೆ.

ಕೋಟಿನ ಮೇಲೆ ಲೈಫ್ ಜಾಕೆಟ್ ಹಾಕಬೇಕು, ಒಳಗಲ್ಲ. ಕೆರೆ ಹಿಡಿಯುವ ಗುತ್ತಿಗೆದಾರರು ಮೀನುಮರಿ, ಮೇವು, ಬಲೆಗಳ ಖರ್ಚನ್ನು ಬರೆದಿಡುತ್ತಾರೆ. ಅದೇ ಲೆಕ್ಕದ ಪುಸ್ತಕದಲ್ಲಿ ತೆಪ್ಪಕ್ಕೆ ಎರಡು ಕೋಟು, ಎರಡು ಜಾಕೆಟ್ ಸೇರಿಸಿದರೆ ಒಟ್ಟು ಮೊತ್ತ ಹೆಚ್ಚೇನೂ ಏರುವುದಿಲ್ಲ. ಕೆರೆ ಹರಾಜು ಹಾಕುವ ಪಂಚಾಯಿತಿಗಳು ಕರಾರಿನಲ್ಲಿ ಅದನ್ನೊಂದು ಸಾಲಾಗಿ ಬರೆಸಿದರೆ ಇನ್ನೂ ಒಳ್ಳೆಯದು. ಹಿಂಗಾರು ಶುರುವಾಗುವ ಮುಂಚೆ ಬರೆಸಿದರೆ.