ಇಂದಿನ ಧಮ್ಮ ಚಿಂತನೆ: ನಾಲ್ಕನೆಯ ಬಟ್ಟೆ



ಮೂಡಿಗೆರೆಯಲ್ಲಿ ಮಳೆ ಹಿಡಿದು ಹದಿನೈದು ದಿನವಾಯಿತು. ಒಗೆದ ಬಟ್ಟೆ ಒಣಗುತ್ತಿಲ್ಲ, ಒಣಗಿದ್ದನ್ನು ಇಡಲು ಜಾಗವಿಲ್ಲ. ಇವತ್ತಿನ ಚಿಂತನೆ ಬಟ್ಟೆ ಇಡುವ ಜಾಗದ ಬಗ್ಗೆಯೇ. ಇಷ್ಟು ಸಣ್ಣ ವಿಷಯಕ್ಕೂ ಧಮ್ಮಕ್ಕೂ ಏನು ಸಂಬಂಧ ಎಂದು ನಿಮಗನ್ನಿಸಬಹುದು. ಹೋದ ವಾರದವರೆಗೆ ನನಗೂ ಹಾಗೇ ಅನ್ನಿಸುತ್ತಿತ್ತು.

ನಮ್ಮದು ಬಾಡಿಗೆ ಮನೆ. ಎರಡು ಕೋಣೆ. ಒಂದರಲ್ಲಿ ನಾನು, ನನ್ನ ಹೆಂಡತಿ. ಇನ್ನೊಂದರಲ್ಲಿ ಅವ್ವ ಮತ್ತು ನಮ್ಮ ಇಬ್ಬರು ಹೆಣ್ಣುಮಕ್ಕಳು. ಹಳೆಯ ಮನೆಯಾದ್ದರಿಂದ ಗೋಡೆಯಲ್ಲಿ ಕಪಾಟು ಇಲ್ಲ. ಗೋಡೆಗೆ ಮೊಳೆ ಹೊಡೆಯಬಾರದು ಎಂದು ಮನೆಯವರ ಕರಾರು ಬೇರೆ. ಇರುವ ಒಂದೇ ಕಬ್ಬಿಣದ ಬೀರು ನಮ್ಮ ಕೋಣೆಯಲ್ಲಿದೆ. ಮಕ್ಕಳ ಬಟ್ಟೆ ಕುರ್ಚಿಯ ಮೇಲೆ ಸ್ವಲ್ಪ, ಮಂಚದ ಕೆಳಗಿನ ಚೀಲದಲ್ಲಿ ಸ್ವಲ್ಪ, ಕಿಟಕಿಯ ಸರಳಿನ ಮೇಲೆ ಸ್ವಲ್ಪ. ದೊಡ್ಡವಳು ಪಿಯುಸಿ, ಚಿಕ್ಕವಳು ಎಂಟನೇ ಕ್ಲಾಸು. ಬೆಳಿಗ್ಗೆ ಯೂನಿಫಾರಂ ಹುಡುಕುವಾಗ ದಿನಾ ಜಗಳ. ಹುಡುಕಿ ತೆಗೆದರೆ ಕಾಲರಿಗೆ ಬೂಷ್ಟು ಹಿಡಿದಿರುತ್ತದೆ.

ಆ ಕೋಣೆಯ ಮೂಲೆಯಲ್ಲಿ ಅವ್ವನ ಕಪ್ಪು ಟ್ರಂಕು ಇದೆ. ಅದನ್ನು ತೆಗೆದರೆ ಬಟ್ಟೆ ಇಡುವ ಒಂದು ಸ್ಟ್ಯಾಂಡು ನಿಲ್ಲಿಸಬಹುದು ಎಂದು ನನ್ನ ಲೆಕ್ಕ. ಹಿಂದಿನ ಭಾನುವಾರವಷ್ಟೇ ನಮ್ಮ ಅಧ್ಯಯನ ಬಳಗದಲ್ಲಿ ತ್ರಿಚೀವರದ ಬಗ್ಗೆ ನಾನು ಮಾತಾಡಿದ್ದೆ. ಅದೇ ಉತ್ಸಾಹದಲ್ಲಿ ಅವ್ವನಿಗೂ ಹೇಳಿದೆ: "ಅವ್ವಾ, ಬುದ್ಧರು ಭಿಕ್ಕುಗಳಿಗೆ ಮೂರೇ ಬಟ್ಟೆ ಸಾಕು ಅಂದ್ರು. ನಿನಗೆ ಯಾಕೆ ಇಷ್ಟು ದೊಡ್ಡ ಟ್ರಂಕು? ಉಡದೇ ಇರೋ ಹಳೇ ಸೀರೆ ಯಾರಿಗಾದ್ರೂ ಕೊಟ್ಬಿಡು."

ಅವ್ವ ಅಡಿಕೆ ಜಗಿಯುತ್ತ ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಮೂರು ಸಾಕು ಅನ್ಬೇಕಾದ್ರೆ ಮೊದ್ಲು ನಾಕನೇದು ಇರ್ಬೇಕಲ್ಲ ಕಣಪ್ಪಾ. ನಂಗೆ ಎರಡನೇ ಸೀರೆ ಬಂದಿದ್ದೇ ನೀನು ಇಸ್ಕೂಲಿಗೆ ಸೇರಿದ್ಮೇಲೆ."

ನನಗೆ ಮಾತು ಹೊರಡಲಿಲ್ಲ.

ನಾನು ಹುಟ್ಟಿದ್ದು ಕಳಸದ ಕಡೆಯ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ. ತೋಟದ ಕಾರ್ಮಿಕರಿಗೆ ಮಾಲೀಕರು ಮನೆ ಕೊಡಬೇಕು ಎಂದು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು. ಮನೆ ಕೊಟ್ಟಿದ್ದರು. ಒಂದು ಕೋಣೆ, ಅದರಲ್ಲೇ ಒಲೆ, ಐದು ಜನ. ಈ ಗೋಡೆಯಿಂದ ಆ ಗೋಡೆಗೆ ಕಟ್ಟಿದ ಒಂದು ಹಗ್ಗ. ಐದು ಜನರ ಬಟ್ಟೆಯೂ ಅದರ ಮೇಲೆ. ಬಟ್ಟೆ ಇಡಲು ಜಾಗ ಸಾಲದು ಎಂದು ಯಾರೂ ಅಂದದ್ದು ನನಗೆ ನೆನಪಿಲ್ಲ. ಇಡುವಷ್ಟು ಬಟ್ಟೆಯೇ ಇರಲಿಲ್ಲ. ಮಳೆಗಾಲದ ರಾತ್ರಿ ಅವ್ವ ಕಂಬಳಿ ಸುತ್ತಿಕೊಂಡು, ಸೀರೆಯನ್ನು ಒಲೆಯ ಮುಂದೆ ಹಿಡಿದು ಒಣಗಿಸುತ್ತಿದ್ದಳು. ಬೆಳಿಗ್ಗೆ ಅರೆಹಸಿ ಸೀರೆಯನ್ನೇ ಉಟ್ಟು, ಮೇಲೆ ಗೊರಬು ಹಾಕಿಕೊಂಡು ತೋಟಕ್ಕೆ ಹೋಗುತ್ತಿದ್ದಳು. ಆ ಹೊಗೆಯ ವಾಸನೆಯಲ್ಲೇ ನಾನು ಶಾಲೆಗೆ ಹೋದವನು. ಅಂಥವಳ ಮುಂದೆ ನಿಂತು ನಾನು ಸರಳತೆಯ ಪಾಠ ಮಾಡಿದ್ದೆ.

ಆ ರಾತ್ರಿ ವಿನಯಪಿಟಕದ ಮಹಾವಗ್ಗವನ್ನು ಮತ್ತೆ ತೆಗೆದೆ. ಮೂರು ಚೀವರದ ನಿಯಮ ಹೇಗೆ ಬಂತು ಎಂಬುದು ಅಲ್ಲಿದೆ. ಬಳಗದಲ್ಲಿ ಮಾತಾಡುವಾಗ ನಾನು ಅದನ್ನು ಎರಡು ಸಾಲಿನಲ್ಲಿ ಮುಗಿಸಿಬಿಟ್ಟಿದ್ದೆ.

ಬುದ್ಧರು ರಾಜಗೃಹದಿಂದ ವೈಶಾಲಿಗೆ ಹೋಗುವ ದಾರಿಯಲ್ಲಿ ಭಿಕ್ಕುಗಳು ತಲೆಯ ಮೇಲೆ, ಹೆಗಲ ಮೇಲೆ, ಸೊಂಟದ ಮೇಲೆ ಬಟ್ಟೆಯ ಗಂಟು ಹೊತ್ತು ಬರುವುದನ್ನು ಕಂಡರು. ಇದಕ್ಕೊಂದು ಮಿತಿ ಬೇಕು ಅನ್ನಿಸಿತು. ಆದರೆ ಅಲ್ಲಿಯೇ ನಿಂತು ಇಷ್ಟೇ ಎಂದು ಆಜ್ಞೆ ಮಾಡಲಿಲ್ಲ. ವೈಶಾಲಿಯ ಗೋತಮಕ ಚೈತ್ಯದಲ್ಲಿ, ಹಿಮ ಬೀಳುವ ಚಳಿಗಾಲದ ರಾತ್ರಿ, ತಾವೇ ಬಯಲಲ್ಲಿ ಕೂತರು. ಮೊದಲು ಒಂದೇ ಬಟ್ಟೆ. ಮೊದಲ ಜಾವ ಕಳೆಯುವಾಗ ಚಳಿಯಾಯಿತು, ಎರಡನೆಯದು ಹೊದ್ದರು. ನಡುವಿನ ಜಾವ ಕಳೆಯುವಾಗ ಮತ್ತೆ ಚಳಿ, ಮೂರನೆಯದು. ಬೆಳಕು ಹರಿಯುವ ಹೊತ್ತಿಗೆ ಮತ್ತೆ ಚಳಿ, ನಾಲ್ಕನೆಯದು. ಆಮೇಲೆ ಮೂರು ಚೀವರದ ನಿಯಮ ಮಾಡಿದರು. ಅದರಲ್ಲೂ ಹೊರಗಿನ ಸಂಘಾಟಿ ಎರಡು ಪದರದ್ದಿರಲಿ ಎಂದರು. ಅಂದರೆ ನಾಲ್ಕನೆಯ ಬಟ್ಟೆಯ ಬೆಚ್ಚಗನ್ನು ಮೂರರೊಳಗೇ ಸೇರಿಸಿದರು.

ಅವ್ವ ವಿನಯಪಿಟಕ ಓದಿದವಳಲ್ಲ, ಅವಳಿಗೆ ಅಕ್ಷರವೇ ಬರುವುದಿಲ್ಲ. ಆದರೆ ಅವಳು ಹೇಳಿದ್ದು ಇದನ್ನೇ. ಬುದ್ಧರ ಬಳಿ ಆ ರಾತ್ರಿ ನಾಲ್ಕನೆಯ ಬಟ್ಟೆ ಇತ್ತು. ಎಷ್ಟು ಸಾಕು ಎಂದು ಅವರು ತಮ್ಮ ಮೈಯ ಚಳಿಯಿಂದ ಅಳೆದರು. ನಾನು ಅವ್ವನ ಟ್ರಂಕಿನಿಂದ ಅಳೆಯಲು ಹೋಗಿದ್ದೆ.

ಈ ವ್ಯತ್ಯಾಸ ನಮ್ಮ ಜನರಿಗೆ ಬಹಳ ಮುಖ್ಯ. ಮನುಸ್ಮೃತಿಯ ಹತ್ತನೆಯ ಅಧ್ಯಾಯ ಚಂಡಾಲರು ಹೆಣದ ಮೇಲಿನ ಬಟ್ಟೆ ಉಡಬೇಕು ಎನ್ನುತ್ತದೆ. ಭಿಕ್ಕುಗಳೂ ಸ್ಮಶಾನದ, ಕಸದ ಗುಂಡಿಯ ಚಿಂದಿ ಆರಿಸಿ ಪಾಂಸುಕೂಲ ಮಾಡಿಕೊಂಡರು. ನೋಡುವವರಿಗೆ ಎರಡೂ ಒಂದೇ ಬಟ್ಟೆ. ಆದರೆ ಒಂದು ಹೇರಿದ್ದು, ಇನ್ನೊಂದು ಆರಿಸಿಕೊಂಡದ್ದು. ಜೀವಕ ವೈದ್ಯ ಒಳ್ಳೆಯ ಬಟ್ಟೆ ತಂದುಕೊಟ್ಟು ಕೇಳಿಕೊಂಡಾಗ ಬುದ್ಧರು ಅದನ್ನು ಸ್ವೀಕರಿಸಿದರು. ಚಿಂದಿ ಬೇಕಾದವರು ಚಿಂದಿ ಉಡಲಿ, ಗೃಹಸ್ಥರು ಕೊಟ್ಟದ್ದು ಬೇಕಾದವರು ಅದನ್ನು ಉಡಲಿ ಎಂದು ಭಿಕ್ಕುಗಳಿಗೇ ಬಿಟ್ಟರು. ಆಯ್ಕೆ ಇಲ್ಲದ ಕಡೆ ತ್ಯಾಗ ಎಂಬ ಮಾತಿಗೆ ಅರ್ಥವಿಲ್ಲ.

ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಆ ಮನುಸ್ಮೃತಿಯನ್ನು ಸುಡಿಸಿದರು. ಅದೇ ದಿನಗಳಲ್ಲಿ, ಅದೇ ಊರಿನಲ್ಲಿ ನಮ್ಮ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಸೀರೆಯ ಬಗ್ಗೆ ಮಾತಾಡಿದರು. ಜಾತಿ ಗುರುತು ಹೇಳುವ ಹಾಗೆ ಸೀರೆ ಉಡಬೇಡಿ, ತೇಪೆ ಹಾಕಿದ್ದಾದರೂ ಚಿಂತೆಯಿಲ್ಲ ಶುಭ್ರವಾಗಿರಲಿ ಎಂಬುದು ಆ ಮಾತಿನ ಸಾರ. ಬುದ್ಧರು ಬಡತನವನ್ನು ಪುಣ್ಯವೆಂದು ಹೊಗಳಲಿಲ್ಲ ಎಂದು ಅವರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಒತ್ತಿ ಹೇಳುತ್ತಾರೆ. ಇಷ್ಟೆಲ್ಲ ಓದಿಕೊಂಡೂ ನಾನು ಅವ್ವನ ಬಡತನಕ್ಕೆ ಧಮ್ಮದ ಹೆಸರಿಡಲು ಹೊರಟಿದ್ದೆ.

ಹಾಗಾದರೆ ಬಟ್ಟೆ ರಾಶಿ ಹಾಕುವುದೇ ಸರಿಯೇ? ಅಲ್ಲ. ಮಿತಿ ಬೇಕೇ ಬೇಕು. ಆದರೆ ಅದು ಯಾರಿಂದ ಶುರುವಾಗಬೇಕು ಎಂಬುದೇ ಪ್ರಶ್ನೆ.

ಮಾರನೆಯ ದಿನ ಬೀರು ತೆರೆದು ಎಣಿಸಿದೆ. ನನ್ನವು ಹದಿನಾಲ್ಕು ಅಂಗಿ. ಹೋದ ಒಂದು ತಿಂಗಳಲ್ಲಿ ಹಾಕಿದ್ದು ಐದು. ಬೀರುವಿನ ಐದು ತಟ್ಟಿನಲ್ಲಿ ಮೂರು ನನ್ನವೇ. ಅವ್ವನ ಟ್ರಂಕನ್ನೂ ಎಣಿಸೋಣವೆಂದು ಅವಳ ಒಪ್ಪಿಗೆ ಕೇಳಿದೆ. ತೆರೆದು ತೋರಿಸಿದಳು. ಏಳು ಸೀರೆ, ಅಪ್ಪನ ಒಂದು ಅಂಗಿ, ದೀಕ್ಷೆಯ ದಿನ ಉಟ್ಟ ಬಿಳಿ ಸೀರೆ. ನುಸಿ ಗುಳಿಗೆ ಹಾಕಿ, ಒಂದಕ್ಕೂ ಬೂಷ್ಟು ಬರದ ಹಾಗೆ ಇಟ್ಟಿದ್ದಳು.

ಸಂಘದಲ್ಲೂ ಈ ತೊಂದರೆ ಇತ್ತು. ಭಿಕ್ಕುಗಳು ಚೀವರಗಳನ್ನು ಮಂಟಪದಲ್ಲಿ, ಮರದ ಬುಡದಲ್ಲಿ, ಪೊಟರೆಯಲ್ಲಿ ಇಟ್ಟು ಇಲಿ, ಗೆದ್ದಲು ತಿಂದು ಹಾಕಿದಾಗ ಬುದ್ಧರು ಉಗ್ರಾಣಕ್ಕೆ ಅನುಮತಿ ಕೊಟ್ಟರು. ಅದನ್ನು ನೋಡಿಕೊಳ್ಳುವವನು ಆಸೆ, ದ್ವೇಷ, ಮೋಹ, ಭಯಕ್ಕೆ ಒಳಗಾಗಿ ಪಕ್ಷಪಾತ ಮಾಡದವನಾಗಿರಬೇಕು ಎಂದರು. ಚೀವರ ನೇತುಹಾಕಲು ಬಿದಿರ ಗಳ, ಹಗ್ಗ ಎರಡಕ್ಕೂ ಅನುಮತಿ ಇತ್ತು. ಹಾಕುವ ಮೊದಲು ಗಳವನ್ನು ಒರೆಸಬೇಕು. ಮಡಿಸುವಾಗ ಅಂಚನ್ನು ನಾಲ್ಕು ಬೆರಳು ಸರಿಸಿ ಮಡಿಸಬೇಕು. ಇಲ್ಲದಿದ್ದರೆ ದಿನಾ ಅದೇ ಗೆರೆ ಬಿದ್ದು ನಡುವೆ ಹರಿಯುತ್ತದೆ. ಮಹಾಕಾರುಣಿಕರಿಗೆ ಬಟ್ಟೆಯ ಮಡಿಕೆಯೂ ಸಣ್ಣ ವಿಷಯವಾಗಿರಲಿಲ್ಲ.

ಬೀರು ನನ್ನ ಹೆಂಡತಿಯ ತವರಿನಿಂದ ಬಂದದ್ದು. ಮಕ್ಕಳ ಕೋಣೆಗೆ ಸಾಗಿಸೋಣವೇ ಎಂದು ಕೇಳಿದೆ. "ನಾನೇ ಹೇಳ್ಬೇಕು ಅಂತಿದ್ದೆ, ಅದರಲ್ಲಿ ನಿಮ್ಮದೇ ಜಾಸ್ತಿ ಇತ್ತಲ್ಲ, ಅದಕ್ಕೆ ಸುಮ್ಮನಿದ್ದೆ" ಎಂದಳು. ಈಗ ಬೀರು ಆ ಕೋಣೆಯಲ್ಲಿದೆ, ಗೋಡೆಯ ಥಂಡಿ ತಾಗದ ಹಾಗೆ ಒಂದು ಗೇಣು ಮುಂದಕ್ಕೆ. ಮಕ್ಕಳಿಗೆ ತಲಾ ಎರಡು ತಟ್ಟು, ಹೆಂಡತಿಯ ಸೀರೆಗೆ ಒಂದು. ಟ್ರಂಕು ತನ್ನ ಮೂಲೆಯಲ್ಲೇ ಇದೆ. ನನ್ನ ಆರು ಅಂಗಿ ನಮ್ಮ ಕೋಣೆಯಲ್ಲಿ, ಎರಡು ಸ್ಟ್ಯಾಂಡಿನ ಮೇಲಿಟ್ಟ ಬಿದಿರ ಗಳದ ಮೇಲಿವೆ. ಮೊಳೆ ಬೇಕಾಗಲಿಲ್ಲ. ಉಳಿದ ಎಂಟನ್ನು ಒಗೆದು, ಇಸ್ತ್ರಿ ಮಾಡಿ ಪಕ್ಕಕ್ಕಿಟ್ಟಿದ್ದೇನೆ. ಯಾರಿಗಾದರೂ ಕೊಡುವಾಗ ಬೇಕೇ ಎಂದು ಕೇಳಿ ಕೊಡಬೇಕು, ಬೇಡವೆಂದರೆ ಬೇಸರಪಡಬಾರದು. ಧಣಿಗಳ ಮನೆಯ ಹಳೇ ಬಟ್ಟೆಯನ್ನು ಕೇಳದೇ ನಮ್ಮ ಕೈಗೆ ಹಾಕುತ್ತಿದ್ದಾಗ ಹೇಗಿರುತ್ತಿತ್ತೆಂದು ನನಗೆ ಗೊತ್ತು.

ಬೆಳಗಿನ ಜಗಳ ಪೂರ್ತಿ ನಿಂತಿಲ್ಲ. ಆದರೆ ಚಿಕ್ಕವಳು ನಾಲ್ಕು ಬೆರಳು ಅಳೆದು ಮಡಿಸುವುದನ್ನು ಕಲಿತಿದ್ದಾಳೆ, ಅಜ್ಜಿಯ ಸೀರೆಗಳನ್ನೂ ಹಾಗೇ ಮಡಿಸಿಕೊಟ್ಟಳು.

ಬಂಧುಗಳೇ, ಇವತ್ತಿಗೆ ಒಂದೇ ಅಭ್ಯಾಸ. ಮನೆಯಲ್ಲಿ ಯಾರಿಗಾದರೂ "ಇಷ್ಟು ಸಾಕು ನಿನಗೆ" ಎನ್ನುವ ಮೊದಲು, ಆ ಮನೆಯಲ್ಲಿ ನಾವು ಎಷ್ಟು ಜಾಗ ಹಿಡಿದಿದ್ದೇವೆ ಎಂದು ಎಣಿಸೋಣ. ಎಣಿಸಿದ ಮೇಲೆ ಹೇಳುವ ಮಾತು ಬಹುಶಃ ಬೇರೆಯೇ ಆಗಿರುತ್ತದೆ.

ಜೈ ಭೀಮ್. ನಮೋ ಬುದ್ಧಾಯ.