ಕ್ಷಮೆಯೂ ಪರಿಹಾರವೂ

ನವೆಂಬರ್ ತಿಂಗಳು ಧರ್ಮಸಭೆಗೆ ಮೃತರ ಸ್ಮರಣೆಯ ತಿಂಗಳು. 2ನೆಯ ತಾರೀಖಿನಂದು ನಾವು ಸಮಾಧಿಗಳಿಗೆ ಹೂವಿಟ್ಟು, ಮೇಣದಬತ್ತಿ ಹಚ್ಚಿ ಪ್ರಾರ್ಥಿಸುತ್ತೇವೆ. ಅದೇ ತಿಂಗಳ ಮೂರನೆಯ ಭಾನುವಾರವನ್ನು ವಿಶ್ವಸಂಸ್ಥೆಯು 2005ರಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರ ಸ್ಮರಣೆಯ ದಿನವೆಂದು ಅಂಗೀಕರಿಸಿತು. ಕೋಲಾರ, ಮುಳಬಾಗಿಲುಗಳನ್ನು ಹಾದು ಆಂಧ್ರಕ್ಕೆ ಸಾಗುವ ಹೆದ್ದಾರಿಯ ಬದಿಯಲ್ಲಿ ಬಾಳುವ ನಮ್ಮ ಕೆಲವು ಕುಟುಂಬಗಳಿಗೆ ಈ ಎರಡೂ ದಿನಗಳು ಒಂದೇ ಸಮಾಧಿಯ ಮುಂದೆ ಕಳೆಯುತ್ತವೆ.

ಇಂಥ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: "ಕ್ಷಮಿಸಬೇಕೆಂದು ಪ್ರಭು ಹೇಳಿರುವಾಗ, ಪರಿಹಾರಕ್ಕಾಗಿ ನ್ಯಾಯಾಲಯದ ಮೆಟ್ಟಿಲೇರುವುದು ಸರಿಯೇ? ಸತ್ತವನ ಹೆಸರಿನಲ್ಲಿ ಹಣ ಪಡೆಯುವುದು ಅವನ ಜೀವಕ್ಕೆ ಬೆಲೆ ಕಟ್ಟಿದಂತಲ್ಲವೇ?" ಪ್ರಶ್ನೆ ಪ್ರಾಮಾಣಿಕವಾದುದು, ಆದುದರಿಂದ ಉತ್ತರವನ್ನೂ ಎಚ್ಚರದಿಂದ ಹುಡುಕಬೇಕು.

ಕೋಲಾರ ಚಿನ್ನದ ಗಣಿಗಳ ಇತಿಹಾಸ ಈ ವಿಷಯದಲ್ಲಿ ನಮಗೆ ಪಾಠ ಹೇಳುತ್ತದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂದಂದಿನಿಂದ 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚುವವರೆಗೆ, ಕಾರ್ಮಿಕರು ಮೂರು ಕಿಲೋಮೀಟರಿಗೂ ಮೀರಿದ ಆಳಕ್ಕೆ ಇಳಿದರು. ಕೆಲವರನ್ನು ಸಿಡಿದ ಬಂಡೆ ಕೊಂದಿತು. ಕೆಲವರ ಶ್ವಾಸಕೋಶವನ್ನು ಕಲ್ಲಿನ ಧೂಳು ಮೆಲ್ಲಮೆಲ್ಲನೆ ತಿಂದಿತು. ಹಿಂದೆ ಇಂಗ್ಲಿಷ್ ನ್ಯಾಯದ ರೀತಿಯಲ್ಲಿ ಗಾಯಗೊಂಡ ಕೂಲಿಯವನು ಧಣಿಯ ತಪ್ಪನ್ನು ತಾನೇ ಸಾಬೀತುಪಡಿಸಬೇಕಿತ್ತು. "ಅಪಾಯ ಗೊತ್ತಿದ್ದೇ ಬಂದೆ", "ತಪ್ಪು ನಿನ್ನ ಜೊತೆಗಾರನದು" ಎಂದರೆ ಧಣಿ ಪಾರಾಗುತ್ತಿದ್ದ. ಬ್ರಿಟಿಷ್ ಭಾರತದಲ್ಲಿ 1923ರ ಕಾರ್ಮಿಕರ ನಷ್ಟಪರಿಹಾರ ಕಾಯಿದೆ ಈ ನೋಟವನ್ನೇ ಬದಲಿಸಿತು. ದುಡಿಮೆಯಿಂದ, ದುಡಿಮೆಯ ವೇಳೆಯಲ್ಲಿ ಆದ ಗಾಯಕ್ಕೆ ಸಾಮಾನ್ಯವಾಗಿ ತಪ್ಪು ಯಾರದೆಂದು ಕೇಳದೆ ಪರಿಹಾರ ಸಲ್ಲಬೇಕೆಂದಿತು. 2025ರ ನವೆಂಬರ್ 21ರಿಂದ ಆ ತತ್ತ್ವ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮುಂದುವರಿದಿದೆ.

ಈ ಕಾನೂನಿನಲ್ಲಿ ಒಂದು ಸೂಕ್ಷ್ಮವಿದೆ. ಕಾರ್ಮಿಕ ಸತ್ತಾಗ ಮಾಲೀಕನು ವಿಧವೆಯ ಕೈಗೆ ಸ್ವಲ್ಪ ಹಣವಿತ್ತು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅವನ ಹೊಣೆ ತೀರುವುದಿಲ್ಲ. ಪರಿಹಾರವನ್ನು ಅಧಿಕಾರಿಯ ಬಳಿ ಠೇವಣಿ ಇಡಬೇಕು. ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ದುಡಿಯುವವರಿಗೂ ನರಸಾಪುರದ ಕಾರ್ಖಾನೆಯ ಗುತ್ತಿಗೆ ಕಾರ್ಮಿಕರಿಗೂ ಇದು ತಿಳಿದಿರಬೇಕು. ಇ.ಎಸ್.ಐ. ಇರುವವರಿಗೆ ನೆರವು ಆ ನಿಗಮದಿಂದ ಬರುತ್ತದೆ. ಶ್ರೀನಿವಾಸಪುರದ ಮಾವಿನ ಮಂಡಿಗೆ ಹೊರಟ ವಾಹನ ಯಾರಿಗಾದರೂ ಬಡಿದರೆ ದಾರಿ ಬೇರೆ: ತಾವು ವಾಸಿಸುವ ಊರಿನ ವ್ಯಾಪ್ತಿಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೇ ಅರ್ಜಿ ಸಲ್ಲಿಸಬಹುದು. ಚಾಲಕನ ತಪ್ಪನ್ನು ಸಾಬೀತುಪಡಿಸದೆಯೇ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೋರಲು ಅವಕಾಶವಿದೆ. 2022ರ ಏಪ್ರಿಲ್ 1ರಂದು ಜಾರಿಗೆ ಬಂದ ತಿದ್ದುಪಡಿಯು ಅರ್ಜಿಗೆ ಆರು ತಿಂಗಳ ಗಡುವು ಹಾಕಿರುವುದರಿಂದ ತಡಮಾಡಬಾರದು.

ಪವಿತ್ರ ಗ್ರಂಥಕ್ಕೂ ಈ ವಿಚಾರ ಹೊಸದಲ್ಲ. ಹೊಡೆದು ಗಾಯಗೊಳಿಸಿದವನು ಗಾಯಾಳುವಿನ ಕೆಲಸ ಕೆಟ್ಟ ದಿನಗಳ ನಷ್ಟವನ್ನೂ ಚಿಕಿತ್ಸೆಯ ವೆಚ್ಚವನ್ನೂ ಭರಿಸಬೇಕೆಂದು ವಿಮೋಚನಕಾಂಡದ 21ನೆಯ ಅಧ್ಯಾಯ ವಿಧಿಸುತ್ತದೆ. ಹಳ್ಳ ತೋಡಿ ಮುಚ್ಚದೆ ಬಿಟ್ಟವನೂ ಅಲ್ಲಿ ಹೊಣೆಗಾರನೇ. ಜಕ್ಕಾಯನು ಪ್ರಭುವಿನ ಮುಂದೆ ನಿಂತು, ವಂಚಿಸಿ ಪಡೆದುದಕ್ಕೆ ನಾಲ್ಕರಷ್ಟು ಹಿಂದಿರುಗಿಸುವುದಾಗಿ ಹೇಳಿದನು. ಕ್ಷಮೆ ದೊರೆತ ಮನೆಯಲ್ಲಿಯೇ ಸಾಲ ತೀರಿಸುವ ಮಾತೂ ಕೇಳಿಬಂತು.

ಹಾಗಾದರೆ ಕ್ಷಮೆ ಒಂದು, ಪರಿಹಾರ ಇನ್ನೊಂದು. ಕ್ಷಮೆ ನಮ್ಮ ಹೃದಯದ ದ್ವೇಷವನ್ನು ಇಳಿಸುತ್ತದೆ. ಪರಿಹಾರ ಉಳಿದವರ ಹೆಗಲ ಭಾರವನ್ನು ಹಂಚಿಕೊಳ್ಳುತ್ತದೆ. ಗಂಡನನ್ನು ಕಳೆದುಕೊಂಡ ತಾಯಿ ಚಾಲಕನನ್ನು ಕ್ಷಮಿಸಬಹುದು. ಆದರೆ ಮಕ್ಕಳ ಅನ್ನವನ್ನೂ ಓದನ್ನೂ ಬಿಟ್ಟುಕೊಡಲು ಅವು ಅವಳೊಬ್ಬಳ ಸೊತ್ತಲ್ಲ. ಆ ಹಣ ಜೀವದ ಬೆಲೆಯೂ ಅಲ್ಲ; ನಿಂತುಹೋದ ದುಡಿಮೆಯ ಒಂದು ಪಾಲು ಮಾತ್ರ.

ಆದರೆ ಕೇಳುವವರಿಗೂ ಧರ್ಮವಿದೆ. ಇಲ್ಲದ ಅಂಗವೈಕಲ್ಯವನ್ನು ಬರೆಸುವುದು, ಪರವಾನಗಿ ಇಲ್ಲದ ಚಾಲಕನ ಬದಲು ಬೇರೊಬ್ಬನ ಹೆಸರು ಹೇಳುವುದು ಸುಳ್ಳು ಸಾಕ್ಷಿಯೇ. ಸತ್ಯವಾದ ಹಕ್ಕಿಗೆ ಅಂಥ ಊರುಗೋಲು ಬೇಡ.

ಈ ನವೆಂಬರಿನಲ್ಲಿ ಸಮಾಧಿಯ ಬಳಿ ಪ್ರಾರ್ಥಿಸಿದ ಮೇಲೆ, ನಮ್ಮ ಧರ್ಮಕೇಂದ್ರದಲ್ಲಿ ಅಪಘಾತದಿಂದ ನೊಂದ ಮನೆಯೊಂದಕ್ಕೆ ಹೋಗೋಣ. ಓದುಬರಹ ಬಲ್ಲವರು ಪೊಲೀಸ್ ದೂರಿನ ಪ್ರತಿ, ಆಸ್ಪತ್ರೆಯ ಚೀಟಿ, ಸಂಬಳದ ದಾಖಲೆಗಳನ್ನು ಒಟ್ಟುಗೂಡಿಸಿ ಕೊಡಲಿ. ಶುಲ್ಕ ಭರಿಸಲಾಗದವರನ್ನು ಕೋಲಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕರೆದೊಯ್ಯಲಿ. ಸಮಾರಿಯದವನು ಗಾಯಗಳಿಗೆ ಎಣ್ಣೆ ಹಚ್ಚಿದ್ದಷ್ಟೇ ಅಲ್ಲ, ಛತ್ರದವನ ಲೆಕ್ಕವನ್ನೂ ತೀರಿಸಿದನೆಂಬುದನ್ನು ನೆನೆಯೋಣ.